ಪಕ್ಕದ ಸೀಟಿನ ಡ್ರೈವರು

ಅಕ್ಟೋಬರ್ 4
ಮೊದಲನೇ ಹೋಟೆಲು

ಪುಟ್ಟಿ,

ಬಂದು ಸೇರಿದ್ವಿ. ನಾನು, ನಿಮ್ಮಣ್ಣ, ಕಾರು, ಮೂವರೂ ಸುರಕ್ಷಿತ. ನಮ್ಮ ಮನೆ ನೋಡಿಕೊಳ್ಳೋಕೆ ಬಂದ ನೀನು ಬಾಗಿಲಲ್ಲಿ ನಿಂತು ನೋಡಿದ ನೋಟಕ್ಕೆ ಬೀದಿಯ ಕೊನೆಯಲ್ಲೇ ಟೈರು ಪಂಕ್ಚರ್ ಆಗಬೇಕಿತ್ತು, ಆಗಲಿಲ್ಲ. ಏನು ಮಾಡ್ಲಿ, ಹೇಳು.

ಬಸ್ ಡ್ರೈವರನ್ನ ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸೋದು ಅಂದ್ರೆ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ. ಮಹಾರಾಯರು ಬಾಯಿ ಬಿಡಲಿಲ್ಲ. ಆದರೆ ಕಾಲು ಸುಮ್ಮನಿರಬೇಕಲ್ಲ! ಒಂದೊಂದು ತಿರುವಿಗೂ ಇಲ್ಲದ ಬ್ರೇಕನ್ನ ಒತ್ತಿ ಒತ್ತಿ, ಅವರ ಕಾಲಡಿಯ ಮ್ಯಾಟು ಸುರುಳಿ ಸುತ್ತಿಕೊಂಡಿದೆ. "ನಾನು ಇದ್ದೀನಲ್ಲ, ನೀವು ಆರಾಮಾಗಿ ಕೂತುಕೊಳ್ಳಿ" ಅಂದೆ. "ಕೂತಿದ್ದೀನಲ್ಲ" ಅಂದರು, ಪರೀಕ್ಷೆ ಹಾಲಿನ ಹುಡುಗನ ಹಾಗೆ ನೆಟ್ಟಗೆ.

ದಾರಿಯಲ್ಲಿ ಜಿಂಕೆಗಳು ಸಿಕ್ಕವು. ರಸ್ತೆಯ ಮೇಲೆ ಒಂದು ಹಿಂಡು, ಮರಿಗಳು ಹಿಂದೆ. ನಾನು ಕಾರು ನಿಲ್ಲಿಸಿ ಮಕ್ಕಳ ಹಾಗೆ ನೋಡಿದೆ. ಇವರು ಜಿಂಕೆ ಬಿಟ್ಟು ಅದರ ಮೇಲಿನ ಗುಡ್ಡ ನೋಡ್ತಿದ್ರು. ಇಪ್ಪತ್ತೈದು ವರ್ಷ ಇದೇ ಬೆಟ್ಟದ ರೂಟನ್ನ ಕೇಳಿ ಹಾಕಿಸಿಕೊಂಡವರು, ರಸ್ತೆ ಬಿಟ್ಟು ಬೇರೇನೂ ನೋಡಿದವರಲ್ಲ. ಈಗಾದರೂ ನೋಡಲಿ ಅಂತಲೇ ಕರೆದುಕೊಂಡು ಬಂದಿದ್ದೀನಿ.

ಹೋಟೆಲಿನವರು ಹಿಂದುಗಡೆ, ಗುಡ್ಡಕ್ಕೆ ಒರಗಿದ ಹಾಗಿರೋ ರೂಮು ಕೊಟ್ಟಿದ್ದರು. ನಿಮ್ಮಣ್ಣ ಪೆಟ್ಟಿಗೆ ಇಟ್ಟವರು ಹಾಗೇ ಕೆಳಗೆ ಹೋಗಿ ಸರೋವರದ ಕಡೆಯ ರೂಮು ಮಾಡಿಸಿಕೊಂಡು ಬಂದರು. ನೀರು ನೋಡೋ ಆಸೆ ಇವರಿಗೂ ಇದೆಯಲ್ಲ ಅಂತ ನನಗೆ ಒಳಗೊಳಗೇ ಖುಷಿ.

ಮಳೆಗಾಲದಲ್ಲಿ ಗುಡ್ಡ ಜಾರಿ, ಡಿಪೋದವರೆಲ್ಲ 'ಹಾರನ್' ಅಂತ ಕರೀತಿದ್ದ ಇವರ ಸ್ನೇಹಿತ ಓಡಿಸ್ತಿದ್ದ ಬಸ್ಸು ಮಣ್ಣಿನಡಿ ಹೋಯ್ತಲ್ಲ, ಆಗ ಇವರ ಬಸ್ಸು ಹಿಂದೆಯೇ ಇತ್ತು. ನನಗೆ ಎದೆ ಒಡೆದಿತ್ತು. ಇವರು ಮೂರು ದಿನ ಮಂಕಾಗಿದ್ದು, ಆಮೇಲೆ ಯೂನಿಫಾರ್ಮ್ ಹಾಕಿಕೊಂಡು ಡ್ಯೂಟಿಗೆ ಹೋದರು. ಗಟ್ಟಿ ಆಸಾಮಿ. ಆದರೂ ಈ ರಜಾ ಬೇಕಿತ್ತು ಅವರಿಗೆ.

ಫೋನ್ ಮಾಡಲ್ಲ ಅಂತ ಬೇಜಾರು ಮಾಡ್ಕೋಬೇಡ. ಇಲ್ಲಿಯ ಫೋನು ಕೌಂಟರಿನ ಮೇಲಿದೆ, ಇಡೀ ಹೋಟೆಲಿಗೆ ಕೇಳಿಸುತ್ತೆ. ಮುಂದಿನ ಹೋಟೆಲುಗಳ ವಿಳಾಸ ಅಡುಗೆಮನೆ ಗೋಡೆಗೆ ಅಂಟಿಸಿದ್ದೀನಿ, ಅಲ್ಲಿಗೇ ಬರಿ. ಬೆಕ್ಕಿಗೆ ಎರಡು ಸಲಕ್ಕಿಂತ ಹೆಚ್ಚು ಹಾಲು ಹಾಕಬೇಡ, ಅದು ಸುಳ್ಳು ಹೇಳುತ್ತೆ.

ನಿನ್ನ ಅತ್ತಿಗೆ

*

ಅಕ್ಟೋಬರ್ 7

ಅತ್ತಿಗೆ,

ನಿಮ್ಮ ಕಾಗದ ಬಂತು. ಬೆಕ್ಕು ಚೆನ್ನಾಗಿದೆ. ಬಚ್ಚಲಿನ ನಲ್ಲಿ ಸೋರುತ್ತಿದೆ, ನೀವು ಹೇಳಿರಲಿಲ್ಲ.

ನಾನು ಚಿಕ್ಕವಳು, ಆದರೂ ಹೇಳ್ತೀನಿ, ಸಿಟ್ಟು ಮಾಡ್ಕೋಬೇಡಿ. ಅಣ್ಣನಂಥ ಡ್ರೈವರನ್ನ ಪಕ್ಕದಲ್ಲಿ ಕೂರಿಸಿಕೊಂಡು, ನೀವು ನಿನ್ನೆ ಮೊನ್ನೆ ಕಲಿತವರು ಬೆಟ್ಟ ಹತ್ತೋದು ಅಂದ್ರೆ, ಅವನಿಗೆ ಹೇಗಾಗಬೇಡ? ಅವನು ಬಾಯಿ ಬಿಟ್ಟು ಕೇಳೋನಲ್ಲ. ಚಿಕ್ಕಂದಿನಲ್ಲಿ ಅವನ ಸೈಕಲ್ಲನ್ನ ಯಾರಾದ್ರೂ ತಗೊಂಡು ಹೋದರೂ ಹೀಗೇ, ಗೋಡೆಗೆ ಒರಗಿ ನಿಂತಿರೋನು. ಕಾಲು ಒತ್ತುತ್ತಾ ಇದೆ ಅಂದ್ರೆ ಕೈಗೂ ಆಸೆ ಇದೆ ಅಂತ ಅರ್ಥ. ನೀವು ಕನ್ನಡಕದ ಅಂಗಡಿಯಲ್ಲಿ ಎಷ್ಟೋ ಜನರ ಕಣ್ಣು ನೋಡೋರು, ಇದು ಕಾಣಲಿಲ್ವಾ?

ಕಾರು ಕೊಂಡಿದ್ದು, ನೀವು ಓಡಿಸೋದು ಕಲಿತಿದ್ದು, ಎಲ್ಲಾ ಆದಮೇಲೇ ನಮಗೆ ಗೊತ್ತಾಗಿದ್ದು. ಇರಲಿ. ಅವನ ಕೈಗೆ ಸ್ಟೀರಿಂಗ್ ಕೊಡಿ. ಗಂಡಸಿನ ಮುಖ ನೋಡಿ ಆಮೇಲೆ.

ಬೇಕರಿಯಲ್ಲಿ ಕೆಲಸ ಜಾಸ್ತಿ. ಕೇಕಿನ ಮೇಲೆ ಬರೆದು ಬರೆದು ನನ್ನ ಬೆರಳು ಸಕ್ಕರೆಯಾಗಿದೆ. ಇವತ್ತು ಒಬ್ಬರು ದೊಡ್ಡ ಕೇಕಿನ ಮೇಲೆ 'ಕ್ಷಮಿಸು' ಅಂತ ಬರೆಸಿಕೊಂಡು ಹೋದರು. ಸಂಜೆ ಕೇಕು ವಾಪಸ್ ಬಂತು. ಕತ್ತರಿಸಿಯೇ ಇರಲಿಲ್ಲ.

ನಿಮ್ಮ ಪುಟ್ಟಿ

*

ಅಕ್ಟೋಬರ್ 10
ಎರಡನೇ ಹೋಟೆಲು, ಹೊರಡೋ ಗಡಿಬಿಡಿಯಲ್ಲಿ

ಪುಟ್ಟಿ,

ನಿನ್ನ ಕಾಗದ ಓದಿ ಮೊದಲು ಉರಿಯಿತು. ಆಮೇಲೆ, ನೀನು ಹೇಳಿದ್ದರಲ್ಲೂ ನಿಜ ಇರಬಹುದು ಅನ್ನಿಸ್ತು. ಯಾಕಂದ್ರೆ ಇಲ್ಲಿ ಏನೋ ಸರಿ ಇಲ್ಲ.

ಯಾವ ಹೋಟೆಲಿನಲ್ಲೂ ಇವರಿಗೆ ನಿಲ್ಲೋಕಾಗ್ತಿಲ್ಲ. ಮೊದಲನೆಯದನ್ನ ಒಂದು ದಿನ ಮುಂಚೆಯೇ ಬಿಟ್ವಿ. ಇಲ್ಲಿ ಮೂರು ದಿನ ಅಂದುಕೊಂಡು ಬಂದಿದ್ವಿ, ಬೆಳಗ್ಗೆ ಎದ್ದು ನೋಡಿದ್ರೆ ಬ್ಯಾಗು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಾರೆ. "ಮುಂದೆ ಹೋಗೋಣ" ಅಂತಾರೆ. ಮುಂದೆ ಏನಿದೆ ಅಂದ್ರೆ ಗೊತ್ತಿಲ್ಲ. ತಿಂಡಿಗೆ ಕೂತರೆ ಅರ್ಧಕ್ಕೆ ಎದ್ದು ಹೊರಗೆ ಹೋಗಿ ಬರ್ತಾರೆ. ಎಲ್ಲಿಗೆ? ಆಕಾಶ ನೋಡೋಕೆ. ಮೋಡ ಇದ್ದರೆ ಮುಖವೂ ಮೋಡ.

ನಿನ್ನೆ ಬಂಡೆಯ ನೆತ್ತಿಯ ಮೇಲೆ ಕಾಡುಮೇಕೆಗಳು ಕಾಣಿಸಿದವು. ನೇರ ಗೋಡೆಯ ಮೇಲೆ ಹಲ್ಲಿಯ ಹಾಗೆ ನಿಂತಿದ್ದವು. ಒಂದರ ಗೊರಸು ತಗುಲಿ ಬೆರಳಷ್ಟು ಕಲ್ಲು ಉರುಳಿ ನಮ್ಮ ಬಾನೆಟ್ಟಿನ ಮೇಲೆ ಟಿಕ್ ಅಂತ ಬಿತ್ತು. ಅಷ್ಟಕ್ಕೇ ನಿಮ್ಮಣ್ಣ ನನ್ನ ಮೇಲೆ ಕೂಗಾಡಿಬಿಟ್ಟರು. "ಹೋಗು, ಹೋಗು, ಯಾಕೆ ನಿಲ್ಲಿಸಿದೆ!" ಮದುವೆಯಾದಾಗಿನಿಂದ ನನ್ನ ಮೇಲೆ ದನಿ ಎತ್ತಿದವರಲ್ಲ.

ನನಗೆ ಅನ್ನಿಸಿದ್ದು ಇಷ್ಟೇ: ನಾನು ಓಡಿಸೋದು ಇವರಿಗೆ ಸಹಿಸೋಕಾಗ್ತಿಲ್ಲ. ಹಾಗಂತ ಕೀ ಕೊಟ್ಟರೆ ತಗೊಳ್ಳಲ್ಲ. "ರಜಾದಲ್ಲೂ ಡ್ಯೂಟಿ ಮಾಡ್ಲಾ?" ಅಂತ ನಗ್ತಾರೆ. ಆ ನಗು ನನಗೆ ಹಿಡಿಸಲಿಲ್ಲ.

ಅದಕ್ಕೆ ಒಂದು ಉಪಾಯ ಮಾಡಿದ್ದೀನಿ. ನಾಡಿದ್ದು ದೊಡ್ಡ ಘಟ್ಟ ದಾಟಬೇಕು. ಅವತ್ತು ಬೆಳಗ್ಗೆ ನನ್ನ ಮಣಿಕಟ್ಟು ಉಳುಕುತ್ತೆ. ಬಟ್ಟೆ ಸುತ್ತಿಕೊಂಡು ನರಳಿದರೆ ಸಾಕು, ಸ್ಟೀರಿಂಗ್ ಹಿಡಿಯಲೇಬೇಕು. ಹೇಗೂ ಇಪ್ಪತ್ತಕ್ಕೆ ರಜಾ ಮುಗಿಯುತ್ತೆ, ಮತ್ತೆ ಅದೇ ರೂಟಿಗೆ ಹೋಗಬೇಕಲ್ಲ. ಕೈ ಸಡಿಲವಾಗಲಿ.

ಸಂತೋಷವಾಯ್ತಾ?

ಅತ್ತಿಗೆ

*

ಅಕ್ಟೋಬರ್ 10

ಅತ್ತಿಗೆ,

ಅವಸರದಲ್ಲಿ ಬರೀತಿದ್ದೀನಿ. ಹಿಂದಿನ ಕಾಗದದಲ್ಲಿ ನಾನು ಬರೆದಿದ್ದನ್ನ ಮರೆತುಬಿಡಿ. ಅಣ್ಣನಿಗೆ ಓಡಿಸು ಅಂತ ಹೇಳಬೇಡಿ. ಅವನಾಗಿಯೇ ಕೇಳಿದರೂ ಕೊಡಬೇಡಿ. ನೀವೇ ಓಡಿಸಿ, ನಿಧಾನಕ್ಕೆ.

ಯಾಕೆ ಅಂತ ಕೇಳಬೇಡಿ. ನಿನ್ನೆ ಅಣ್ಣನ ಬಸ್ಸಿನ ಕಂಡಕ್ಟರ್ ಮನೆಗೆ ಬಂದಿದ್ದ, ಡಿಪೋದಲ್ಲಿದ್ದ ಅಣ್ಣನ ಕೆಲವು ಸಾಮಾನು ಕೊಟ್ಟು ಹೋದ. ಕಾಫಿ ಕುಡಿದು ಅದೂ ಇದೂ ಮಾತಾಡಿದ. ವಿಶೇಷ ಏನಿಲ್ಲ.

ನಲ್ಲಿ ರಿಪೇರಿ ಮಾಡಿಸಿದೆ.

ಪುಟ್ಟಿ

*

ಅಕ್ಟೋಬರ್ 12

ಅತ್ತಿಗೆ,

ನಿಮ್ಮ ಮಣಿಕಟ್ಟಿನ ಕಾಗದ ಈಗ ತಾನೇ ಬಂತು. ಎರಡನೇ ಹೋಟೆಲಿಗೆ ನಾನು ಬರೆದದ್ದು ನಿಮಗೆ ಸಿಕ್ಕಿಲ್ಲ ಅಂತ ಕಾಣುತ್ತೆ, ನೀವು ಆಗಲೇ ಹೊರಟಿದ್ದೀರಿ. ಇದನ್ನ ಮೂರನೆಯದಕ್ಕೆ ಹಾಕ್ತಿದ್ದೀನಿ. ಫೋನ್ ಮಾಡಿದೆ, ಮಳೆಗೆ ಲೈನು ಹೋಗಿದೆ ಅಂದರು ಎಕ್ಸ್‌ಚೇಂಜಿನವರು.

ದೇವರಾಣೆ, ಆ ನಾಟಕ ಆಡಬೇಡಿ. ಅಣ್ಣನ ಮೇಲೆ ಸಿಟ್ಟು ಮಾಡಬೇಡಿ. ಅವನೇ ನಿಮ್ಮ ಹತ್ತಿರ ಮಾತಾಡ್ತಾನೆ, ಮಾತಾಡಬೇಕು. ಅದು ನನ್ನ ಬಾಯಲ್ಲಿ ಬರೋ ಮಾತಲ್ಲ.

ಪುಟ್ಟಿ

*

ಅಕ್ಟೋಬರ್ 12
ಘಟ್ಟದ ಕೆಳಗಿನ ಒಂದು ಚಿಕ್ಕ ತಂಗುಮನೆ

ಪುಟ್ಟಿ,

ಇದು ನಾವು ಬರಬೇಕಾದ ಜಾಗ ಅಲ್ಲ. ಘಟ್ಟ ದಾಟೋಕಾಗಲಿಲ್ಲ.

ದಾರಿಯ ಊರುಗಳಲ್ಲಿ ಎರಡು ರಾತ್ರಿ ಕಳೆದು, ಇವತ್ತು ಬೆಳಗ್ಗೆ ಕೈಗೆ ಬಟ್ಟೆ ಸುತ್ತಿಕೊಂಡು ನಿಂತೆ. ನಿಮ್ಮಣ್ಣ ಕೀ ತಗೊಂಡರು. ಗೆದ್ದೆ ಅಂದುಕೊಂಡೆ. ಡ್ರೈವರ್ ಸೀಟಿನಲ್ಲಿ ಕೂತರು. ಸೀಟು ಹಿಂದಕ್ಕೆ ಎಳೆದುಕೊಂಡರು, ಕನ್ನಡಿ ಸರಿ ಮಾಡಿದರು. ಆಮೇಲೆ ಹಾಗೇ ಕೂತರು. ನಾನು ಪಕ್ಕದಲ್ಲಿ ಕೂತು ಏನೇನೋ ಹರಟುತ್ತಾ ಇದ್ದೆ. ನೋಡ್ತೀನಿ, ಹಣೆಯಿಂದ ನೀರಿಳಿಯುತ್ತಿದೆ, ಕೀ ಹಿಡಿದ ಕೈ ಬೆಳ್ಳಗಾಗಿದೆ. "ಏನಾಯ್ತು?" ಅಂದೆ. ಬಾಗಿಲು ತೆಗೆದು ಹೋಗಿ ಗೋಡೆ ಪಕ್ಕದಲ್ಲಿ ವಾಂತಿ ಮಾಡಿಕೊಂಡರು. ಆಮೇಲೆ ರಸ್ತೆ ಹಿಡಿದು ನಡೆದೇಬಿಟ್ಟರು, ಬಂದ ದಾರಿಯಲ್ಲಿ ವಾಪಸ್ಸು.

ನಾನು ಬಟ್ಟೆ ಕಿತ್ತೆಸೆದು ಕಾರು ತಿರುಗಿಸಿ ಹಿಂದೆ ಹೋದೆ. ಅವರು ಮುಂದೆ, ನಾನು ಆಮೆಯ ಹಾಗೆ ಹಿಂದೆ. ಎದುರು ಬಂದ ಲಾರಿಯವನು, ಗಂಡ ಹೆಂಡಿರ ಜಗಳ ಅಂದುಕೊಂಡನೋ ಏನೋ, ನಗ್ತಾ ಹಾರನ್ ಹೊಡೆದು ಹೋದ. ಆ ಸದ್ದಿಗೆ ಇವರು ನಿಂತರು. ಬಂದು ಕೂತರು, ಪಕ್ಕದ ಸೀಟಿನಲ್ಲಿ.

"ನಿನ್ನ ಕೈ?" ಅಂದರು.

"ಸರಿ ಹೋಯ್ತು" ಅಂದೆ.

"ಹೂಂ" ಅಂದರು. ಅಷ್ಟೇ.

ಹೊಟ್ಟೆ ಕೆಟ್ಟಿದೆ ಅಂತಾರೆ. ನಂಬೋಕೆ ನಾನೇನು ಹಾಲು ಕುಡಿಯೋ ಮಗುವಾ? ನನ್ನ ಮೇಲೆ ಇಷ್ಟು ಅಸಹ್ಯವಾ, ನಾನು ಕೂತ ಸೀಟಿನಲ್ಲಿ ಕೂರೋಕೂ ಆಗದಷ್ಟು? ಹೀಗೆಲ್ಲಾ ಯೋಚನೆ ಬರುತ್ತೆ. ನಿನಗೇನಾದರೂ ಗೊತ್ತಿದ್ದರೆ ಬರಿ. ನಿನಗಲ್ಲದೆ ಇನ್ನು ಯಾರಿಗೆ ಹೇಳಿರ್ತಾರೆ?

ಅತ್ತಿಗೆ

*

ಅಕ್ಟೋಬರ್ 15
ಮೂರನೇ ಹೋಟೆಲು

ನಾದಿನಿಯವರಿಗೆ,

ನಿನ್ನೆ ಘಟ್ಟ ದಾಟಿದ್ವಿ. ದಾಟಿದ್ದು ನಾನು. ಹೇಗೆ ಅಂತ ಹೇಳ್ತೀನಿ, ತಾವು ಓದಬೇಕು.

ಮಂಜು ಇಳಿದಿತ್ತು. ರಸ್ತೆ ಒಂದೇ ಗಾಡಿಯಷ್ಟು ಅಗಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ತಿರುವು ದಾಟಿದ ತಕ್ಷಣ ಎದುರಿಗೆ ಕರಡಿ. ತಾಯಿ, ಜೊತೆಗೆ ಎರಡು ಮರಿ, ರಸ್ತೆಯ ನಡುವೆ ಉದುರಿದ ಹಣ್ಣು ತಿನ್ನುತ್ತಿದ್ದವು. ನಾನು ನಿಲ್ಲಿಸಿದೆ. ತಾಯಿ ಎದ್ದು ನಿಂತಿತು. ಅದರ ಎದೆ ಕಾಣಿಸ್ತು ಪುಟ್ಟಿ, ಅಷ್ಟು ಹತ್ತಿರ. ಗುರ್ ಅಂತ ನಾಲ್ಕು ಹೆಜ್ಜೆ ಬಂತು.

ಹಿಂದಕ್ಕೆ ಹೋಗಬೇಕು. ಹಿಂದೆ ಮಂಜು, ತಿರುವು, ಪ್ರಪಾತ. ಡ್ರೈವಿಂಗ್ ಸ್ಕೂಲಿನವರು ಹಿಂದಕ್ಕೆ ಹೋಗೋದು ಕಲಿಸಿದ್ದು ಖಾಲಿ ಮೈದಾನದಲ್ಲಿ. ನಾನು ಅತ್ತುಬಿಟ್ಟೆ. "ನೀವು ಬನ್ನಿ ಈ ಕಡೆ, ನನ್ನಿಂದ ಆಗಲ್ಲ" ಅಂದೆ.

"ನನ್ನಿಂದಲೂ ಆಗಲ್ಲ. ನೀನೇ ಮಾಡಬೇಕು."

ಹಾಗಂದವರು ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ತಿರುಗಿದರು. ಗಾಜು ಇಳಿಸಿ ಅರ್ಧ ಮೈ ಹೊರಗೆ ಹಾಕಿದರು. "ಕನ್ನಡಿ ನೋಡಬೇಡ, ಕರಡಿ ನೋಡಬೇಡ. ನನ್ನ ದನಿ ಕೇಳು. ಬರ್ಲಿ. ಬರ್ಲಿ. ನಿಧಾನ. ಬಂಡೆ ಕಡೆಗೆ ಚೂರು. ಸಾಕು. ಬರ್ಲಿ, ಬರ್ಲಿ, ಬರ್ಲಿ..." ಕಂಡಕ್ಟರು ಕೂಗೋ ಹಾಗೇ. ಒಂದು ಸಲ ಹಿಂದಿನ ಚಕ್ರ ಜಲ್ಲಿಯಲ್ಲಿ ಜಾರಿತು. ಅವರ ದನಿ ಮಾತ್ರ ಅಲ್ಲಾಡಲಿಲ್ಲ. "ಏನಾಗಿಲ್ಲ. ಬರ್ಲಿ." ರಸ್ತೆ ಅಗಲವಾಗೋ ಜಾಗಕ್ಕೆ ಬಂದಾಗ "ಹೋಲ್ಡಾನ್!" ಅಂತ ಬಾಗಿಲಿಗೆ ಎರಡು ಸಲ ಹೊಡೆದರು.

ಕರಡಿ ಮರಿಗಳನ್ನ ಕರೆದುಕೊಂಡು ಕೆಳಗಿಳಿದು ಹೋಯ್ತು. ಆಮೇಲೆ ಇವರ ಮೈ ನಡುಗೋಕೆ ಶುರುವಾಯ್ತು. ನಿಲ್ಲಲೇ ಇಲ್ಲ. ನನ್ನ ಶಾಲು ಹೊದಿಸಿದೆ.

ಆಗ ಹೇಳಿದರು. ಗುಡ್ಡ ಬಿದ್ದ ದಿನ ತುಂಬಿದ ಬಸ್ಸನ್ನ ಹೀಗೇ ಹಿಂದಕ್ಕೆ ತಂದರಂತೆ, ಕಂಡಕ್ಟರ್ ಕೂಗ್ತಾ ಇದ್ದ, ಮೇಲಿಂದ ಕಲ್ಲು ಉರುಳ್ತಾ ಇದ್ದವು. ಎಲ್ಲರೂ ಉಳಿದರು. ಡಿಪೋದಲ್ಲಿ ಚಪ್ಪಾಳೆ ತಟ್ಟಿದರು. ನಾಲ್ಕನೇ ದಿನ ಡ್ಯೂಟಿಗೆ ಹೋಗಿ ಬಸ್ಸು ಹತ್ತಿದರೆ ಕೈ ಮರಗಟ್ಟಿತಂತೆ. ಮಾರನೇ ದಿನವೂ ಹಾಗೇ. ಆಮೇಲೆ ಬೆಳಗ್ಗೆ ಯೂನಿಫಾರ್ಮ್ ಹಾಕಿಕೊಂಡು ಹೋಗಿ ಸಂಜೆಯವರೆಗೆ ಟೈರ್ ಇಡೋ ಕೋಣೆಯಲ್ಲಿ ಕೂತು ಬರ್ತಿದ್ದರಂತೆ. ಕೊನೆಗೆ ರಾಜೀನಾಮೆ ಬರೆದುಕೊಟ್ಟಿದ್ದಾರೆ. ರಜಾ ಇಲ್ಲ, ಏನಿಲ್ಲ. ಹೋಗೋಕೆ ಡ್ಯೂಟಿಯೇ ಇಲ್ಲ.

ನಾನು ದಿನಾ ಆ ಯೂನಿಫಾರ್ಮಿಗೆ ಇಸ್ತ್ರಿ ಹಾಕಿದ್ದೀನಿ. ಕಾಲರಿನ ಮಡಿಕೆ ನೆಟ್ಟಗಿದೆಯಾ ಅಂತ ಬಾಗಿಲ ತನಕ ಹೋಗಿ ನೋಡಿದ್ದೀನಿ. ಟೈರುಗಳ ಮಧ್ಯೆ ಕೂರೋಕೆ!

"ಯಾಕೆ ಹೇಳಲಿಲ್ಲ?" ಅಂದೆ.

"ನೀನು ಕಾರು ಕೊಂಡು ಅಷ್ಟು ಖುಷಿಯಾಗಿದ್ದೆ."

ನಾನು ಗೇರು ಹಾಕಿ ಕಾರು ಹೊರಡಿಸಿದೆ.

ಸಂಜೆ ಇಲ್ಲಿಗೆ ಬಂದರೆ ಕೌಂಟರಿನಲ್ಲಿ ತಮ್ಮ ಎರಡು ಕಾಗದ ಕಾಯುತ್ತಿದ್ದವು, ಒಂದು ಹಿಂದಿನ ಹೋಟೆಲಿನಿಂದ ಸುತ್ತಿ ಬಂದದ್ದು. 'ವಿಶೇಷ ಏನಿಲ್ಲ' ಅಂತ ಬರೆದಿದ್ದೀರಿ. ಕಂಡಕ್ಟರಿಗೆ ಗೊತ್ತು, ಡಿಪೋಗೆ ಗೊತ್ತು, ತಮಗೆ ಗೊತ್ತು. ಕಟ್ಟಿಕೊಂಡವಳಿಗೆ ಒಂದು ಸಾಲು ಬರೆದಿದ್ದರೆ ಕೈ ಸವೀತಿತ್ತಾ? ಎಲ್ಲರ ಹುಟ್ಟುಹಬ್ಬಕ್ಕೂ ಬರೆಯೋ ಕೈ ತಾನೇ ಅದು?

ಇಂತಿ,
ತಮ್ಮ ಅಣ್ಣನ ಹೆಂಡತಿ

*

ಅಕ್ಟೋಬರ್ 18

ಅತ್ತಿಗೆ,

'ತಾವು' ಅಂತ ಶುರು ಮಾಡಿದ ಕಾಗದದ ಮಧ್ಯೆ ಒಂದು ಕಡೆ ನೀವು 'ಪುಟ್ಟಿ' ಅಂದಿದ್ದೀರಿ. ಕರಡಿ ಎದ್ದು ನಿಂತ ಸಾಲಿನಲ್ಲಿ. ಆ ಒಂದು ಸಾಲು ಹಿಡಿದುಕೊಂಡು ಇದನ್ನ ಬರೀತಿದ್ದೀನಿ.

ತಪ್ಪಾಯ್ತು. ಆದರೆ ನನ್ನ ಕಡೆಯದ್ದೂ ಕೇಳಿ. ಕಂಡಕ್ಟರ್ ಹೇಳಿದಾಗ ನನಗೆ ಮೊದಲು ಬಂದಿದ್ದು ನಾಚಿಕೆ. ಅವನ ಕೈಗೆ ಸ್ಟೀರಿಂಗ್ ಕೊಡಿ, ಗಂಡಸಿನ ಮುಖ ನೋಡಿ ಅಂತೆಲ್ಲಾ ನಿಮಗೆ ಬರೆದವಳು ನಾನು. ಆಮೇಲೆ ಹೆದರಿಕೆ. ಬರೆದರೆ ನೀವು ಅಲ್ಲೇ ರಸ್ತೆಯಲ್ಲೇ ಅವನನ್ನ ನಿಲ್ಲಿಸಿ ಕೇಳ್ತೀರಿ, ಅವನು ಎದ್ದು ನಡೆದುಬಿಡ್ತಾನೆ ಅನ್ನಿಸ್ತು. ನಾನು ಬರೆಯದೆಯೇ ನಡೆದುಬಿಟ್ಟನಲ್ಲ. ನನ್ನ ಜಾಣತನಕ್ಕೆ ಇಷ್ಟು.

ಇನ್ನೊಂದು ಮಾತು, ಬೇಕಾದರೆ ಬೈಯಿರಿ. ನೀವೂ ಎಂಟು ತಿಂಗಳು ಅಂಗಡಿಯಲ್ಲಿ ಲೆನ್ಸು ಬಂದಿಲ್ಲ, ಸ್ಟಾಕು ಬಂದಿಲ್ಲ, ಅದಕ್ಕೇ ತಡ ಅಂತ ಸುಳ್ಳು ಹೇಳಿ ಡ್ರೈವಿಂಗ್ ಕಲಿತಿರಿ. ಒಂದು ಮನೆಯಿಂದ ಗಂಡ ಡ್ಯೂಟಿಗೆ ಅಂತ ಹೊರಟು ಟೈರಿನ ಕೋಣೆಗೆ, ಹೆಂಡತಿ ಅಂಗಡಿಗೆ ಅಂತ ಹೊರಟು ಮೈದಾನಕ್ಕೆ. ಸಂಜೆ ಇಬ್ಬರೂ ಸುಸ್ತಾಗಿ ಬಂದು ಎದುರುಬದುರು ಕೂತು ಊಟ ಮಾಡ್ತಿದ್ರಿ. ನೆನೆಸಿಕೊಂಡರೆ ನಗಬೇಕೋ ಅಳಬೇಕೋ ತಿಳೀತಿಲ್ಲ.

ಕಂಡಕ್ಟರ್ ಒಂದು ವಿಷಯ ಹೇಳಿದ, ಅದು ನಿಮಗೆ ಗೊತ್ತಿರಬೇಕು. ಟೈರಿನ ಕೋಣೆಗೆ ಅವನು ದಿನಾ ಹೋಗಿ ಜೊತೆಯಲ್ಲಿ ಕೂರ್ತಿದ್ದನಂತೆ. ಅಣ್ಣ ಮಾತಾಡ್ತಿದ್ದದ್ದು ಒಂದೇ ವಿಷಯವಂತೆ: ನಿಮಗೆ ಹೇಗೆ ಹೇಳೋದು ಅಂತ. ದಿನಾ ಒಂದೊಂದು ರೀತಿ ಹೇಳಿ ನೋಡಿ, 'ಹೀಗಂದ್ರೆ ಅವಳು ಏನಂತಾಳೆ?' ಅಂತ ಇವನನ್ನ ಕೇಳ್ತಿದ್ದನಂತೆ. ಕಂಡಕ್ಟರಿಗೆ ಸಾಕಾಗಿ ಹೋಗಿತ್ತು. "ನಿಮ್ಮ ಅತ್ತಿಗೆಯ ಪಾರ್ಟು ನಾನೇ ಮಾಡಬೇಕಾಗಿತ್ತಲ್ಲಮ್ಮ" ಅಂದ.

ಯಾವಾಗ ಬರ್ತೀರಿ? ಬಂದ ಮೇಲೆ ನಾನು ನನ್ನ ಮನೆಗೆ ಹೋಗ್ತೀನಿ. ನೀವು ಇರು ಅಂದ್ರೆ ಇರ್ತೀನಿ ಅಂತ ಬರೆದು ಹೊಡೆದುಹಾಕಿದೆ. ನೋಡಿ, ಮೇಲೆ ಕಾಣುತ್ತೆ.

ಪುಟ್ಟಿ

*

ಅಕ್ಟೋಬರ್ 23
ಕೊನೆಯ ಹೋಟೆಲು

ಪುಟ್ಟಿ,

ಸಿಟ್ಟು ಇನ್ನೂ ಇದೆ. ಇದೆ ಅಂತ ಹೇಳಿ ಮುಗಿಸಿದೆ, ಮುಂದಕ್ಕೆ ಓದು. ನಾವು ಬಂದ ಮೇಲೂ ನೀನು ಎಲ್ಲಿಗೂ ಹೋಗಬೇಡ, ಮನೆಯಲ್ಲಿ ಇಬ್ಬರೇ ಇದ್ದು ನಾವು ಮಾಡಿದ ಘನಕಾರ್ಯ ನೋಡಿದೆಯಲ್ಲ.

ಇನ್ನೂ ಒಂದು ವಾರ ಇಲ್ಲೇ ಇರ್ತೀವಿ. ಅಂಗಡಿಗೆ ಫೋನ್ ಮಾಡಿ ಹೇಳಿದ್ದೀನಿ, ಕೌಂಟರಿನ ಫೋನಿನಲ್ಲೇ, ಎಲ್ಲರಿಗೂ ಕೇಳಿಸೋ ಹಾಗೆ. ಈ ಸರೋವರ ಬಯಲಿನಲ್ಲಿದೆ. ಬೆಟ್ಟಗಳು ದೂರದಲ್ಲಿ, ನೋಡಬೇಕು ಅಂದ್ರೆ ಮಾತ್ರ ಕಾಣೋ ಹಾಗಿವೆ. ಬಂದ ಮೊದಲನೇ ದಿನ ನಿಮ್ಮಣ್ಣ ಮಲಗಿದವರು ಏಳಲೇ ಇಲ್ಲ. ಉಸಿರಾಡ್ತಿದ್ದಾರಾ ಅಂತ ಎರಡು ಸಲ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಆಮೇಲೆ ಬ್ಯಾಗು ಕಟ್ಟಿಲ್ಲ. ಅಂಗಿಗಳನ್ನ ಬೀರುವಿನಲ್ಲಿ ತೂಗುಹಾಕಿದ್ದಾರೆ. ಬೆಳಗ್ಗೆ ನೀರುಕೋಳಿಗಳಿಗೆ ಬ್ರೆಡ್ಡು ಹಾಕ್ತಾರೆ, ಒಂದು ಜಗಳಗಂಟಿ ಕೋಳಿಗೆ ಡಿಪೋ ಮ್ಯಾನೇಜರ್ ಅಂತ ಹೆಸರಿಟ್ಟಿದ್ದಾರೆ.

ಊರಿಗೆ ಬಂದ ಮೇಲೆ ಡಾಕ್ಟರ್ ಹತ್ತಿರ ಹೋಗೋಣ ಅಂದೆ, ಒಪ್ಪಿದ್ದಾರೆ. ಮುಂದೆ ಏನು ಕೆಲಸ ಅಂತ ಇಬ್ಬರಿಗೂ ಗೊತ್ತಿಲ್ಲ. ಮತ್ತೆ ಬಸ್ಸು ಹತ್ತುತ್ತಾರೋ ಇಲ್ಲವೋ, ನಾನು ಕೇಳಿಲ್ಲ.

ಆದರೆ ಈಗ ನನ್ನ ಕಥೆ ಕೇಳು. ಅವರ ಚಡಪಡಿಕೆ ಇಳಿದು ನನಗೆ ಹತ್ತಿಕೊಂಡಿದೆ. ಒಂದು ಕಡೆ ಕೂರೋಕಾಗಲ್ಲ. ಆ ಘಟ್ಟ ದಾಟಿದಾಗಿನಿಂದ ಕಾಲ ಕೆಳಗೆ ಕ್ಲಚ್ಚು ಇಲ್ಲದಿದ್ದರೆ ಏನೋ ಕಳಕೊಂಡ ಹಾಗಾಗುತ್ತೆ. ಇವತ್ತು ಬೆಳಗ್ಗೆ, "ಸರೋವರ ಒಂದು ಸುತ್ತು ಹಾಕಿ ಬರ್ತೀನಿ" ಅಂದೆ. "ಹೋಗಿ ಬಾ" ಅಂದರು, ಬರ್ತೀನಿ ಅನ್ನಲಿಲ್ಲ. ಒಬ್ಬಳೇ ಹೊರಟೆ. ಪಕ್ಕದ ಸೀಟು ಖಾಲಿ. ಮೊದಲು ಹೆದರಿಕೆ, ಆಮೇಲೆ ಏನು ಹೇಳ್ಲಿ, ಜೋರಾಗಿ ಹಾಡಿದೆ. ಕಲ್ಲಿನ ಮೇಲೆ ನೀರುನಾಯಿಗಳು ಮೀನು ತಿನ್ನುತ್ತಿದ್ದವು, ನನ್ನನ್ನ ನೋಡಿಯೂ ನೋಡದ ಹಾಗಿದ್ದವು. ಸರೋವರದ ಸುತ್ತು ಮುಗೀತು. ವಾಪಸ್ ತಿರುಗಿಸಬೇಕಾದ ಕಡೆ ತಿರುಗಿಸಲಿಲ್ಲ ಪುಟ್ಟಿ. ಮುಂದಿನ ಕಣಿವೆಗೆ ಹೋದೆ. ಅಲ್ಲಿಂದ ಇನ್ನೊಂದು ಊರು. ಗೊತ್ತುಗುರಿ ಇಲ್ಲ, ಯಾರಿಗೂ ಏನೂ ತರಬೇಕಾಗಿಲ್ಲ, ಯಾರೂ ಪಕ್ಕದಲ್ಲಿ ಕಾಲು ಒತ್ತುತ್ತಿಲ್ಲ. ಒಂದು ಕ್ಷಣ ಹೀಗೇ ಹೋಗ್ತಾ ಇದ್ದುಬಿಡ್ಲಾ ಅನ್ನಿಸ್ತು. ಇದನ್ನ ನಿಮ್ಮಣ್ಣನಿಗೆ ಹೇಳಿಲ್ಲ. ಹೇಳ್ತೀನಿ, ನಾಳೆಯೇ. ಇನ್ನು ಮೇಲೆ ಏನನ್ನೂ ಇಟ್ಟುಕೊಳ್ಳೋದು ಬೇಡ.

ವಾಪಸ್ ಬರೋ ಹೊತ್ತಿಗೆ ಮಧ್ಯಾಹ್ನ ಕಳೆದು ಬಿಸಿಲು ಇಳಿದಿತ್ತು. ಹೋಟೆಲಿನ ತಿರುವಿನಲ್ಲೇ ಕಾಣಿಸಿದರು. ಮೆಟ್ಟಿಲ ಮೇಲೆ ಕೂತಿದ್ದರು, ಮೊಣಕಾಲಿನ ಮೇಲೆ ಕೈ, ಕಣ್ಣು ರಸ್ತೆಯ ಮೇಲೆ. ಇವರ ಬಸ್ಸಿನ ಸದ್ದು ಬರೋ ತನಕ ಇಷ್ಟು ವರ್ಷ ನಾನು ಕಿಟಕಿಯಲ್ಲಿ ಕೂರ್ತಿದ್ದೆನಲ್ಲ, ಥೇಟ್ ಹಾಗೇ. ಎಲ್ಲಿಗೆ ಹೋಗಿದ್ದೆ, ಯಾಕೆ ತಡ, ಒಂದೂ ಕೇಳಲಿಲ್ಲ. ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿ, ಟೈರುಗಳನ್ನ ಒಂದೊಂದಾಗಿ ಒದ್ದು ನೋಡಿದರು.

"ಊಟ ಆಯ್ತಾ ನಿಮ್ಮದು?" ಅಂದೆ.

"ಇಲ್ಲ. ನೀನು ಬರ್ಲಿ ಅಂತ ಕಾಯ್ತಿದ್ದೆ."

ಒಳಗೆ ಹೋಗಿ ಕೈ ತೊಳೆದುಕೊಂಡು ಬಂದೆ.

ನಿನ್ನ ಅತ್ತಿಗೆ